ಸರಳಾಳಿಗೆ ಒಂದು ದಿನದ ರಜೆ, ಕ್ಯಾಂಪರ್ ವ್ಯಾನಿನಲ್ಲಿ

ಅಡುಗೆಮನೆಯ ಮುಖ ನೋಡದೆ, ಯಾರ ಕೂಗಿಗೂ ಓಗೊಡದೆ, ಕಾಲು ಚಾಚಿ ಕುಳಿತು ಊರು ನೋಡುವ ಒಂದೇ ಒಂದು ದಿನ. ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ್ದಕ್ಕೆ ನನ್ನ ಹೆಂಡತಿ ಸರಳಾ ಕೇಳಿದ್ದು ಇಷ್ಟೇ. ಒಡವೆ ಕೇಳಿದ್ದರೆ ಇಷ್ಟೊಂದು ಅನಾಹುತ ಆಗುತ್ತಿರಲಿಲ್ಲ.

ಕಮ್ಮನಹಳ್ಳಿ ಮುಖ್ಯರಸ್ತೆಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಸರಳಾ ಕೆ.ಆರ್. ಪುರದ ಬ್ಯಾಂಕೊಂದರಲ್ಲಿ ಕೆಲಸದಲ್ಲಿದ್ದಾಳೆ. ದಿನಾ ತಾನೇ ಕಾರು ಓಡಿಸಿಕೊಂಡು ಹೋಗಿ, ಬಂದು, ಚಪ್ಪಲಿ ಬಿಟ್ಟ ಮರುಕ್ಷಣ ಕುಕ್ಕರ್ ಇಡುತ್ತಾಳೆ. ಆ ಹೊತ್ತಿನಲ್ಲಿ "ಸರಳಾ, ನನ್ನ ಟವೆಲ್ ಎಲ್ಲಿ?" ಎಂದು ಕೇಳುವುದು ನನ್ನ ಕೆಲಸ.

ಈ ಪಾಪವನ್ನು ಒಂದೇ ದಿನದಲ್ಲಿ ತೊಳೆದುಕೊಳ್ಳಲು ನಿರ್ಧರಿಸಿ ಗೆಳೆಯ ಕಲೀಂ ಬಳಿ ಹೋದೆ. ಶಿವಾಜಿನಗರದಲ್ಲಿ ಅವನು ವಾಹನಗಳಿಗೆ ಬಾಡಿ ಕಟ್ಟುತ್ತಾನೆ. ಹೊಸದಾಗಿ ಒಂದು ವ್ಯಾನನ್ನು ಮನೆಯನ್ನಾಗಿ ಮಾಡಿದ್ದ. ಒಳಗೆ ಹಾಸಿಗೆ, ಗ್ಯಾಸ್ ಒಲೆ, ಸಿಂಕು, ಪಕ್ಕದಲ್ಲಿ ಮೇಲಕ್ಕೆತ್ತಿ ತೆರೆಯುವ ದೊಡ್ಡ ಕಿಟಕಿ.

"ಅರೆ ಗುರು, ಫೈವ್ ಸ್ಟಾರ್ ಇದು. ಭಾಭಿನ ಕೂರ್ಸು, ಓಡಿಸು, ಅಷ್ಟೇ," ಎಂದ ಕಲೀಂ. "ರವೆ, ಹಾಲು, ಕಾಫಿಪುಡಿ ಎಲ್ಲಾ ಇಟ್ಟಿದೀನಿ. ಸಂಜೆ ಏಳು ಗಂಟೆಗೆ ನಾನೇ ಮನೆ ಹತ್ರ ಬಂದು ತಗೊಂಡು ಹೋಗ್ತೀನಿ."

ಕಾರ್ಯಕ್ರಮ ಸಿದ್ಧವಾಯಿತು. ಬೆಳಿಗ್ಗೆ ಹಲಸೂರು ಕೆರೆ, ಆಮೇಲೆ ನಂದಿ ಬೆಟ್ಟದ ಕಡೆಯ ಒಂದು ದ್ರಾಕ್ಷಿ ತೋಟದಲ್ಲಿ ವೈನಿನ ರುಚಿ ನೋಡುವುದು, ನಂತರ ಬೆಟ್ಟಗುಡ್ಡ ನೋಡಿಕೊಂಡು ನಿಧಾನವಾಗಿ ವಾಪಸ್.

"ನೀನು ಇವತ್ತು ಒಂದು ಹುಲ್ಲುಕಡ್ಡೀನೂ ಎತ್ತಬೇಡ," ಎಂದು ಸರಳಾಳಿಗೆ ಗಂಭೀರವಾಗಿ ಆಜ್ಞಾಪಿಸಿದೆ.

"ನೋಡೋಣ," ಎಂದಳು.

ಕೆರೆಯ ಪಕ್ಕ ನೆರಳಿನಲ್ಲಿ ವ್ಯಾನ್ ನಿಲ್ಲಿಸಿ, ಅವಳನ್ನು ಮಡಚುವ ಕುರ್ಚಿಯಲ್ಲಿ ನೀರಿನ ಕಡೆ ಮುಖ ಮಾಡಿ ಕೂರಿಸಿದೆ. ಸ್ವಹಸ್ತದಿಂದ ಕಾಫಿ ಮಾಡಿಕೊಡಬೇಕೆಂದು ಒಳಗೆ ಹೋಗಿ, ಸೆಕೆಯೆಂದು ದೊಡ್ಡ ಕಿಟಕಿ ಎತ್ತಿದೆ. ಹಾಲು ಉಕ್ಕುವಷ್ಟರಲ್ಲಿ ಕಿಟಕಿಯ ಹೊರಗೆ ವಾಕಿಂಗ್ ಮುಗಿಸಿದ ಒಬ್ಬ ಹಿರಿಯರು ನಿಂತಿದ್ದರು.

"ಎರಡು ಕಾಫಿ ಕೊಡಿ. ಒಂದಕ್ಕೆ ಸಕ್ಕರೆ ಬೇಡ."

ಇದು ಕ್ಯಾಂಟೀನ್ ಅಲ್ಲ ಎಂದು ಹೇಳಬಹುದಿತ್ತು. ಆದರೆ ಮೂವತ್ತು ವರ್ಷ ಕೌಂಟರಿನ ಹಿಂದೆ ನಿಂತವನ ಬಾಯಲ್ಲಿ ಗಿರಾಕಿಗೆ 'ಇಲ್ಲ' ಎಂಬ ಮಾತು ಬರುವುದಿಲ್ಲ. ಕೊಟ್ಟೆ. ಅವರು ದುಡ್ಡು ಚಾಚಿದಾಗ ದೊಡ್ಡ ಮನಸ್ಸು ಮಾಡಿ "ಬೇಡ ಬಿಡಿ ಸಾರ್" ಎಂದೆ. ಅಲ್ಲಿಗೆ ಕೆಟ್ಟೆ! ಬೆಂಗಳೂರಿನ ಬೀದಿಯಲ್ಲಿ ವ್ಯಾನ್ ನಿಲ್ಲಿಸಿ ಯಾರಾದರೂ ಪುಕ್ಕಟೆ ಕೊಟ್ಟರೆ ಅದಕ್ಕೊಂದೇ ಅರ್ಥ. ಐದು ನಿಮಿಷದಲ್ಲಿ ಸಾಲು ಬೆಳೆಯಿತು.

"ಯಾವ ಲೀಡರ್ ಬರ್ತ್‌ಡೇ ಅಣ್ಣಾ?" ಎಂದು ಸಾಲಿನಲ್ಲಿದ್ದ ಆಟೋ ಡ್ರೈವರ್ ಕೇಳಿದ.

"ಯಾರ್ದೂ ಅಲ್ಲ. ನಮ್ಮ ಮದುವೆ ಆನಿವರ್ಸರಿ."

"ಹಂಗಾದ್ರೆ ಟಿಫನ್ನೂ ಇರುತ್ತೆ," ಎಂದು ಹಿಂದಿದ್ದವರಿಗೆ ಸಾರಿದ.

"ಹತ್ತು ನಿಮಿಷ ಇರಿ ಸಾರ್." ಹೀಗೆಂದದ್ದು ನಾನೇ. ನನ್ನ ನಾಲಿಗೆಗೆ ಬೆಂಕಿ ಹಾಕ.

ಸರಳಾ ಕುರ್ಚಿಯಿಂದ ಎದ್ದಳು. ಒಳಗೆ ಬಂದು, ಸೆರಗು ಸಿಕ್ಕಿಸಿ, ಕಲೀಂ ಇಟ್ಟಿದ್ದ ಅಷ್ಟೂ ರವೆಯನ್ನು ಬಾಣಲೆಗೆ ಸುರಿದಳು. ಅವಳ ರಜೆಯ ಮೊದಲ ಎರಡು ಗಂಟೆ ಅರವತ್ತು ಜನರ ಉಪ್ಪಿಟ್ಟಿನಲ್ಲಿ ಕರಗಿತು. ನಾನು ಕರಿಬೇವು ಎಲ್ಲಿದೆ ಎಂದು ಕೇಳುತ್ತಾ ನೆರವಾದೆ. ತಿಂದವರೆಲ್ಲ ನಮಗೆ ನೂರು ಕಾಲ ಬಾಳಿ ಎಂದು ಹರಸಿದರು. ಸರಳಾಳ ಮುಖ ನೋಡಿದರೆ ಆ ಹಾರೈಕೆ ನಿಜವಾಗುವ ಲಕ್ಷಣ ಕಾಣಲಿಲ್ಲ.

"ತೋಟದಲ್ಲಿ ಎಲ್ಲಾ ಸರಿಹೋಗುತ್ತೆ," ಎಂದೆ ದಾರಿಯಲ್ಲಿ.

"ಅಲ್ಲಿ ಯಾರಿಗಾದ್ರೂ ಬಿಸಿಬೇಳೆಬಾತ್ ಒಪ್ಪಿಕೊಂಡ್ರೆ ನೋಡಿ," ಎಂದಳು.

ದ್ರಾಕ್ಷಿ ತೋಟದಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿ, ಒಬ್ಬ ಹುಡುಗಿ ವೈನಿನ ಶಾಸ್ತ್ರ ಹೇಳಿಕೊಟ್ಟಳು. ಬಣ್ಣ ನೋಡಬೇಕು, ಮೂಸಬೇಕು, ಬಾಯಲ್ಲಿ ಆಡಿಸಬೇಕು, ಬೇಕಿದ್ದರೆ ಪಾತ್ರೆಗೆ ಉಗುಳಬಹುದು. ಆಮೇಲೆ ಬಾಟಲಿ ಹಿಡಿದು ಒಬ್ಬೊಬ್ಬರಿಗೂ ಸ್ವಲ್ಪ ಸ್ವಲ್ಪವೇ ಹಾಕುತ್ತಾ ಬಂದಳು. ಸಾಲಾಗಿ ನಿಂತ ಜನ, ಸ್ವಲ್ಪ ಸ್ವಲ್ಪವೇ ಹಾಕುತ್ತಾ ಬರುವ ಕೈ. ಐವತ್ತೈದು ವರ್ಷದ ಅಭ್ಯಾಸ ಸುಮ್ಮನಿರುತ್ತದೆಯೇ? ಗ್ಲಾಸನ್ನು ಕಂಕುಳಲ್ಲಿ ಇರುಕಿ, ಬಲಗೈ ಬಟ್ಟಲು ಮಾಡಿ, ಕೆಳಗೆ ಎಡಗೈ ಕೊಟ್ಟು ಒಡ್ಡಿದೆ. ಪಾಪ, ಕೆಲಸಕ್ಕೆ ಹೊಸಬಳೇನೋ, ಹಾಕಿಯೇಬಿಟ್ಟಳು. ಭಕ್ತಿಯಿಂದ ಕುಡಿದು ಒದ್ದೆ ಕೈಯನ್ನು ಬೋಳುತಲೆಗೆ ಒರೆಸಿಕೊಂಡೆ.

ಪಕ್ಕದಲ್ಲಿದ್ದ ಇಬ್ಬರು ವಿದೇಶಿಯರು ನನ್ನನ್ನೇ ಗಮನಿಸುತ್ತಿದ್ದರು. ಅವರೂ ಕೈ ಒಡ್ಡಿ, ಕುಡಿದು, ತಲೆಗೆ ಒರೆಸಿಕೊಂಡರು.

"ಏನ್ರೀ ಇದು," ಎಂದು ಸರಳಾ ಪಿಸುಗುಟ್ಟಿದಳು. ಬೆಳಿಗ್ಗೆಯಿಂದ ಮೊದಲ ಸಲ ಅವಳಿಗೆ ನಗು ಬಂದಿತ್ತು.

ತೀರ್ಥದ ಭಾವನೆ ಒಮ್ಮೆ ಬಂದ ಮೇಲೆ ಉಗುಳುವುದು ಹೇಗೆ? ಆರು ಬಗೆಯ ವೈನನ್ನೂ ನುಂಗಿದೆ. ಸರಳಾ ಕುಡಿಯುವವಳಲ್ಲ, ಬರೀ ಮೂಸಿದಳು. ಅವಳ ಪಾಲಿನ ಆರನ್ನೂ ಚೆಲ್ಲಬಾರದೆಂದು ನಾನೇ ಸ್ವೀಕರಿಸಿದೆ. ಹೊರಗೆ ಬಂದಾಗ ಕಲೀಂನ ವ್ಯಾನ್ ಎರಡಾಗಿತ್ತು.

"ಕೀ ಕೊಡಿ," ಎಂದಳು ಸರಳಾ.

"ಬೇಡ. ಇವತ್ತು ನಿನ್ನ ರಜಾ. ನಾನೇ ಓಡಿಸ್ತೀನಿ."

"ಮೊದ್ಲು ಬಾಗಿಲು ಯಾವ ಕಡೆ ಇದೆ ಹೇಳಿ ನೋಡೋಣ."

ಎರಡನೆಯ ವ್ಯಾನಿನ ಕಡೆ ಕೈ ತೋರಿಸಿದೆ. ಅವಳೇ ಕೈಹಿಡಿದು ಹತ್ತಿಸಿ ಹಾಸಿಗೆಯಲ್ಲಿ ಮಲಗಿಸಿದಳು. ಅವಳ ಒಂದೇ ಒಂದು ದಿನವನ್ನು ನಾನು ಹಾಳುಮಾಡಿದೆನಲ್ಲಾ ಎಂದು ನಿಜವಾಗಿಯೂ ಸಂಕಟವಾಯಿತು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಗೊರಕೆ ಬಂತು.

ಎಚ್ಚರವಾದಾಗ ವ್ಯಾನ್ ನಮ್ಮ ಮನೆಯ ಮುಂದೆ ನಿಂತಿತ್ತು. ಮುಂದಿನ ಸೀಟಿನಲ್ಲಿ ಸರಳಾ ಸುಟ್ಟ ಜೋಳ ತಿನ್ನುತ್ತಾ ಏನೋ ಗುನುಗುತ್ತಿದ್ದಳು. ಅವಳ ಫೋನಿನ ತುಂಬ ಹೊಸ ಫೋಟೋಗಳಿದ್ದವು. ಬೆಟ್ಟದ ಸಾಲು, ಒಂದು ಕೆರೆ, ಎಳನೀರು ಕುಡಿಯುತ್ತಿರುವ ಸರಳಾ, ಗುಲಾಬಿ ತೋಟದಲ್ಲಿ ಸರಳಾ, ಸುಮ್ಮನೆ ಬಂಡೆಯ ಮೇಲೆ ಕಾಲು ಚಾಚಿ ಕುಳಿತ ಸರಳಾ.

ಹೇಳಿದ ಹೊತ್ತಿಗೆ ಕಲೀಂ ಬಂದ. "ಭಾಭಿ, ಹೇಗಿತ್ತು ಟ್ರಿಪ್ಪು?"

"ಬೆಳಿಗ್ಗೆ ಸ್ವಲ್ಪ ಗಲಾಟೆ ಇತ್ತು ಕಲೀಂ ಭಾಯ್. ಎರಡೂವರೆಯಿಂದ ಆರೂವರೆವರೆಗೂ ಮಾತ್ರ ಸ್ವರ್ಗ."

ನಾನು ಗಡಿಯಾರ ನೋಡಿ ಲೆಕ್ಕ ಹಾಕಿದೆ. ಎರಡೂವರೆಗೆ ನಾನು ಮಲಗಿದ್ದು. ಆರೂವರೆಗೆ ಎದ್ದದ್ದು.

"ಮುಂದಿನ ವರ್ಷಾನೂ ಇಟ್ಟಿರ್ಲಾ ವ್ಯಾನು?" ಎಂದ ಕಲೀಂ.

"ಇಟ್ಟಿರಿ. ಇವ್ರನ್ನ ಬಿಟ್ಟು ಹೋದ್ರೆ ಬೇಜಾರು ಮಾಡ್ಕೋತಾರೆ, ಕರ್ಕೊಂಡೇ ಹೋಗ್ತೀನಿ," ಎಂದಳು ಸರಳಾ ಅಕ್ಕರೆಯಿಂದ. "ಬೆಳಿಗ್ಗೇನೇ ಮಲಗಿಸಿಬಿಟ್ರೆ ಆಯ್ತು."