ಹತ್ತರ ಮೇಲೊಂದು ಕೊಸರು

ನನ್ನ ಸೋದರಮಾವನಿಗೆ ಲೆಕ್ಕ ಬರುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಲೆಕ್ಕ ಬಹಳ ಚೆನ್ನಾಗಿ ಬರುತ್ತಿತ್ತು. ಆ ಲೆಕ್ಕಕ್ಕೆ ಸರಿಯಾಗಿ ಪ್ರಪಂಚ ನಡೆಯುತ್ತಿರಲಿಲ್ಲ, ಅಷ್ಟೇ! ತಪ್ಪೆಲ್ಲ ಪ್ರಪಂಚದ್ದು ಎಂದು ಅವನು ಕೊನೆಯವರೆಗೂ ನಂಬಿದ್ದ. ಇಂಥ ಮನುಷ್ಯನನ್ನು ಮಹಾರಾಜರ ಕಾಲದ ಮೈಸೂರು ರೇಡಿಯೊದವರು ಹುಡುಕಿಕೊಂಡು ಬಂದು ಅಂಕ ಎಣಿಸುವುದಕ್ಕೆ ಕೂರಿಸಿದರು. ಇದನ್ನು ಕೇಳಿ ನೀವು ನಗುತ್ತೀರಿ. ಅವನ ಪಕ್ಕದಲ್ಲಿ ಕೂತಿದ್ದವನು ನಾನು. ನನಗೆ ಆಗ ನಗು ಬರಲಿಲ್ಲ.

ಹುಣಸೂರಿನ ಪಕ್ಕದ ನಮ್ಮೂರು ಕಟ್ಟೆಮಳಲವಾಡಿಯಲ್ಲಿ ಸುಗ್ಗಿ ಬಂತೆಂದರೆ ಯಾರ ಕಣದಲ್ಲಿ ರಾಗಿ ಅಳೆಯಬೇಕಾದರೂ ಮಾವನೇ ಬರಬೇಕು. ಮೊದಲ ಕೊಳಗಕ್ಕೆ 'ಒಂದು' ಎನ್ನುವಂತಿಲ್ಲ, 'ಲಾಭ' ಎಂದು ಕೂಗಬೇಕು. ಕಣದಲ್ಲಿ 'ಇಲ್ಲ', 'ಮುಗೀತು' ಎಂಬ ಮಾತು ಬಾಯಿಗೆ ಬರಬಾರದು. ರಾಶಿಯನ್ನು ತಳದವರೆಗೆ ಬಳಿಯಬಾರದು, ಒಂದಿಷ್ಟು ಉಳಿಸಬೇಕು. ಅಳೆದದ್ದಾದ ಮೇಲೆ ಕೊಂಡವನ ಚೀಲಕ್ಕೆ ಲೆಕ್ಕದ ಮೇಲೆ ಒಂದು ಬೊಗಸೆ ಕೊಸರು ಹಾಕಬೇಕು. ಇದೆಲ್ಲ ನಮ್ಮ ಸೀಮೆಯಲ್ಲಿ ಎಲ್ಲರೂ ಮಾಡುವುದೇ. ಆದರೆ ಎಲ್ಲರೂ ಅದನ್ನು ಕಣದಲ್ಲಿ ಬಿಟ್ಟು ಮನೆಗೆ ಹೋಗುತ್ತಾರೆ. ನಮ್ಮ ಮಾವ ಹೆಗಲ ಮೇಲೆ ಹಾಕಿಕೊಂಡು ಊರೂರು ತಿರುಗುತ್ತಿದ್ದ. ಬಸ್ಸಿನಲ್ಲಿ ಕಂಡಕ್ಟರು ಎಷ್ಟು ಟಿಕೀಟು ಎಂದರೆ 'ಲಾಭ' ಎನ್ನುತ್ತಿದ್ದ. ಇದ್ದಿಲಿನಿಂದ ಓಡುತ್ತಿದ್ದ ಆಗಿನ ಬಸ್ಸಿನ ಹೊಗೆ ಕುಡಿದು ಮೊದಲೇ ಕೆಮ್ಮುತ್ತಿದ್ದ ಕಂಡಕ್ಟರಿಗೆ ಇನ್ನೊಮ್ಮೆ ಕೇಳುವ ತ್ರಾಣವೂ ಇರುತ್ತಿರಲಿಲ್ಲ.

ಇದರ ಜೊತೆಗೆ ಇನ್ನೊಂದು ಚಟ. ನಾನು ಹುಣಸೂರಿನಲ್ಲಿ ಮೇಷ್ಟ್ರಾಗಿದ್ದೆ. ಹುಡುಗರ ಸ್ಲೇಟಿನ ಮೇಲೆ ಹತ್ತಕ್ಕೆ ಇಷ್ಟು ಎಂದು ಬರೆಯುವುದನ್ನು ಮಾವ ಒಂದು ದಿನ ನೋಡಿದ. ಅಲ್ಲಿಗೆ ಮುಗಿಯಿತು! ಅಂದಿನಿಂದ ಎತ್ತಿನ ನಡಿಗೆಗೆ ಹತ್ತಕ್ಕೆ ಏಳು, ಪೂಜಾರಿಯ ಮಂಗಳಾರತಿಗೆ ಐದು, ಅತ್ತೆಯ ಉಪ್ಪುಸಾರಿಗೆ ಆರು. ಎತ್ತು ಬೇಜಾರು ಮಾಡಿಕೊಳ್ಳಲಿಲ್ಲ. ಅತ್ತೆ ಮಾಡಿಕೊಂಡಳು. ನೆಂಟರು ಉಂಡು ಬೆರಳು ಚೀಪುತ್ತಿದ್ದ ಒಂದು ಮಧ್ಯಾಹ್ನ ಮಾವ ಗಂಭೀರವಾಗಿ, "ಇವತ್ತು ಆರೂವರೆ" ಎಂದ. ಅತ್ತೆ ಸೌಟು ಕೆಳಗಿಟ್ಟಳು.

"ಕಣದಾಗೆ ಗುರುತು ಪರಿಚಯ ಇಲ್ದೋರ್ಗೆಲ್ಲ ಬೊಗಸೆ ಬೊಗಸೆ ಕೊಸರು ಆಕ್ತೀರ. ನಂಗೆ ಒಂದಿನಾನಾರ ಆಕಿದ್ದೀರಾ?" ಎಂದು ಕೇಳಿದಳು. ಮಾವ ಯೋಚನೆ ಮಾಡಿದ. ಯೋಚನೆ ಮಾಡಿದ್ದೇ ತಪ್ಪಾಯಿತು. ಸಂಜೆಯ ಹೊತ್ತಿಗೆ ಅತ್ತೆ ಗಂಟು ಕಟ್ಟಿಕೊಂಡು ಕೃಷ್ಣರಾಜನಗರದ ಅಣ್ಣನ ಮನೆ ಸೇರಿದ್ದಳು.

ಹೋಗಿ ಕರೆದುಕೊಂಡು ಬಾ ಎಂದು ನನ್ನ ತಾಯಿ ಹೇಳದ ದಿನವಿಲ್ಲ. "ಓಗಿದ್ದು ಅವ್ಳು, ಬರೋದೂ ಅವ್ಳೇ ಕಣಕ್ಕ" ಎಂದು ಮಾವ ಗೋಡೆಗೆ ಒರಗಿ ಕೂತುಬಿಟ್ಟ. ತಾನೇ ಮುದ್ದೆ ಕೂಡಿಸಿ, ತಾನೇ ಉಂಡು, ತನಗೇ ಹತ್ತಕ್ಕೆ ಎರಡು ಕೊಟ್ಟುಕೊಳ್ಳುತ್ತಿದ್ದ. ಆ ಅಂಕದಲ್ಲಿ ಮಾತ್ರ ತಪ್ಪು ಹುಡುಕಲು ಸಾಧ್ಯವಿರಲಿಲ್ಲ. ಅವನು ಸೊರಗುತ್ತಿದ್ದುದು ಊರಿಗೇ ಕಾಣುತ್ತಿತ್ತು, ಅವನೊಬ್ಬನನ್ನು ಬಿಟ್ಟು.

ರೇಡಿಯೊ ಬಂದದ್ದು ಈ ಸಮಯದಲ್ಲಿ. ಮೈಸೂರಿನ ನಿಲಯದಲ್ಲಿ 'ಒಗಟಿನ ಅಖಾಡ' ಎಂಬ ಹೊಸ ಕಾರ್ಯಕ್ರಮ ಶುರುವಾಗುವುದರಲ್ಲಿತ್ತು. ವಾರಕ್ಕೆ ಎರಡು ಊರಿನವರು ಎದುರುಬದುರು ಕೂತು ಪ್ರಶ್ನೆಗೆ ಉತ್ತರ ಹೇಳಬೇಕು. ಉತ್ತರ ತಿಳಿಯದಿದ್ದರೆ ಜನ ನಗುವಂಥ ಸುಳ್ಳನ್ನಾದರೂ ಹೇಳಬೇಕು, ಅಂಕ ಮಾತ್ರ ಸರಿಯುತ್ತರಕ್ಕೇ. ಅಂಕ ಕೂಗುವುದಕ್ಕೆ ಅವರಿಗೊಂದು ಗಂಟಲು ಬೇಕಾಗಿತ್ತು. ನಿಲಯದ ಅಧಿಕಾರಿಯೊಬ್ಬರು ನಮ್ಮ ಕಡೆಯಲ್ಲಿದ್ದ ತಮ್ಮ ನೆಂಟರ ಕಣದಲ್ಲಿ ಮಾವ ರಾಗವಾಗಿ ಕೊಳಗ ಕೂಗುವುದನ್ನು ಕೇಳಿದ್ದರಂತೆ. ಅವರು ಗಂಟಲನ್ನು ಪರೀಕ್ಷೆ ಮಾಡಿದರು. ಲೆಕ್ಕವನ್ನು ಯಾರೂ ಪರೀಕ್ಷೆ ಮಾಡಲಿಲ್ಲ. ಅವನನ್ನು ಕರೆದುಕೊಂಡು ಹೋಗಿ ಬರುವ ಭಾಗ್ಯವನ್ನು ನನ್ನ ತಾಯಿ ನನಗೆ ವಹಿಸಿದಳು.

ಮೊದಲ ವಾರ ಪಿರಿಯಾಪಟ್ಟಣಕ್ಕೂ ನಂಜನಗೂಡಿಗೂ ಪಂದ್ಯ. ಮಾವ ಮುಂದೆ ಹುಣಸೆ ಬೀಜದ ಚೀಲ ಇಟ್ಟುಕೊಂಡು, ಒಂದೊಂದು ಅಂಕಕ್ಕೆ ಒಂದೊಂದು ಬೀಜ ಹಾಕುತ್ತ ಕೂತ. "ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ ಏನಿದೆ?" ಎಂದು ಪ್ರಶ್ನೆ ಬಂತು. "ಕೆಟ್ಟು ನಿಂತ ಬಸ್ಸು" ಎಂದರು ಪಿರಿಯಾಪಟ್ಟಣದವರು. ಜನ ನಕ್ಕರು, ಆದರೆ ಅಂಕ ಬರಲಿಲ್ಲ. ಕೊನೆಯವರೆಗೂ ಬರಲಿಲ್ಲ. ಪಾಪ, ಸೊನ್ನೆ! ಸೊನ್ನೆ ಎಂದು ಕೂಗುವ ಘಳಿಗೆ ಬಂದಾಗ ಮಾವ ಮೈಕಿನ ಮುಂದೆ ಕೊರಳೆತ್ತಿ, "ಪಿರಿಯಾಪಟ್ಟಣ, ಲಾಭವೋ ಲಾಭ" ಎಂದು ಹಾಡಿಯೇಬಿಟ್ಟ.

"ಅವರಿಗೆ ಒಂದೂ ಇಲ್ಲ ಕಣ್ರೀ ಗೌಡರೇ" ಎಂದರು ಅಧಿಕಾರಿ, ಕಾರ್ಯಕ್ರಮ ಮುಗಿದ ಮೇಲೆ.

"ರಾಶಿ ಮುಂದೆ ಕುಂತ್ಕಂಡು ಇಲ್ಲ ಅನ್ನಬಾರ್ದು ಬುದ್ದಿ. ಬರೋದೂ ಬರಾಕಿಲ್ಲ."

ಮುಂದಿನ ವಾರ ಹೆಗ್ಗಡದೇವನಕೋಟೆಯವರು ಬಂದರು. ಅವರಲ್ಲಿ ಒಬ್ಬರು ಬೇಗೂರಿನ ಶಾನುಭೋಗರು. ಕಾಡಿನ ದಾರಿಯಲ್ಲಿ ಆನೆ ಅಡ್ಡ ಬಂದು ತಾವು ಮರ ಹತ್ತಿ ಕೂತ ಕಥೆಯನ್ನು ಬಾಗಿಲಲ್ಲೇ ಹೇಳಿದರು. ಕೋಟೆಯವರು ಒಂದು ಅಂಕದಲ್ಲಿ ಸೋತರು. ಮಾವ ಅವರ ಗುಡ್ಡೆಗೆ ಎರಡು ಬೀಜ ಸೇರಿಸಿ ಗೆಲ್ಲಿಸಿದ.

"ಅಂಕ ಉತ್ತರಕ್ಕೆ ಕೊಡೋದು, ಪ್ರಯಾಣಕ್ಕಲ್ಲ" ಎಂದರು ಅಧಿಕಾರಿ.

"ಅಷ್ಟು ದೂರದಿಂದ ಬಂದವ್ರೆ. ಕೊಸರು ಆಕ್ದೆ ಎಂಗ್ ಕಳ್ಸಾದು?" ಎಂದು ಮಾವ ಅವರನ್ನೇ ಕೇಳಿದ. ಪ್ರಶ್ನೆ ಕೇಳುವುದೇ ಕಸುಬಾದವರಿಗೆ ಉತ್ತರ ಹೇಗೆ ಗೊತ್ತಿರಬೇಕು?

ಮೂರನೆಯ ವಾರ ಹುಣಸೂರಿನ ತಂಡ. ಅದರಲ್ಲಿ ನಾನಿದ್ದೆ! ಸ್ವಂತ ಮಾವ ಅಂಕ ಎಣಿಸುತ್ತಿದ್ದಾನೆ ಎಂದು ಊರಿಗೆಲ್ಲ ಧೈರ್ಯ ಬಂದಿತ್ತು. ನಾವು ಯಾರ ಹಂಗೂ ಇಲ್ಲದೆ ಗೆದ್ದೆವು. ಆದರೆ ಮಾವ ಕೂಗಿದ್ದು ಸರಿಸಮ. ನಮ್ಮ ಕೊನೆಯ ಅಂಕದ ಬೀಜ ಚೀಲದಲ್ಲೇ ಕೂತಿತ್ತು. ಅದು ಅವನ ಸ್ವಂತ ಸೀಮೆಯ ರಾಶಿಯಂತೆ, ತಳ ಬಳಿಯಬಾರದಂತೆ. "ಉಳ್ಸಿದ್ರೆ ಮುಂದ್ಲ ವರ್ಸಕ್ಕೆ ಆಯ್ತದೆ ಕಣ್ಲಾ ಅಳಿಯ" ಎಂದು ನನ್ನ ಬೆನ್ನು ತಟ್ಟಿದ. ಶಾಲೆಯಲ್ಲಿ ಹುಡುಗರು ವಾರವಿಡೀ ನನ್ನನ್ನು ನೋಡಿ ಕೆಮ್ಮುತ್ತಿದ್ದರು. ನಮ್ಮ ಪಾಲಿನ ಅಂಕವನ್ನು ಅಧಿಕಾರಿಗಳೇ ಆಮೇಲೆ ಸೇರಿಸಿದ್ದರಿಂದ ನಾವು ಹೇಗೋ ಕಡೆಯ ಪಂದ್ಯ ಸೇರಿದೆವು. ಎದುರಾಳಿ ಯಾರು ಎನ್ನುತ್ತೀರಿ? ಕೃಷ್ಣರಾಜನಗರ.

ಈ ನಡುವೆ ತಾಯಿಯ ಮಾತು ಕೇಳಿ ನಾನು ಅತ್ತೆಯನ್ನು ನೋಡಲು ಹೋಗಿದ್ದೆ. ಅವಳ ಅಣ್ಣನ ಮನೆ ಪಾರ್ಕಿನ ಎದುರಿಗೇ. ಪಾರ್ಕಿನಲ್ಲಿ ಊರಿಗೆಲ್ಲ ಕೇಳುವಂತೆ ರೇಡಿಯೊ ಇಟ್ಟಿದ್ದರು. "ಆ ಗಂಟ್ಲು ಕಿವಿಗೆ ಬೀಳಬಾರ್ದು ಅಂತ ಕಿಟಕಿ ಬಾಗಿಲು ಆಕ್ಕಂಡು ಕೂತಿರ್ತೀನಿ ಕಣಪ್ಪ" ಎಂದಳು ಅತ್ತೆ. ಆಮೇಲೆ ಕಾಫಿ ಕೊಡುತ್ತ, "ಅಲ್ಲ, ಪಿರಿಯಾಪಟ್ಟಣದೋರ್ಗೆ ಸೊನ್ನೆ ಬಂದಿತ್ತು ತಾನೆ?" ಎಂದು ಕೇಳಿದಳು. ಕಿಟಕಿ ಎಷ್ಟು ಭದ್ರವಾಗಿ ಮುಚ್ಚುತ್ತಿತ್ತು ಎಂದು ನನಗೆ ತಿಳಿಯಿತು. ಊರಿಗೆ ಬಂದು ಮಾವನಿಗೆ ಇದನ್ನೆಲ್ಲ ಹೇಳಿದೆ. ಅವನು ಕಂಬಳಿ ಕೊಡವಲು ಎದ್ದುಹೋದ. ಆ ಕಂಬಳಿಯಲ್ಲಿ ಧೂಳೇ ಇರಲಿಲ್ಲ.

ಕಡೆಯ ಪಂದ್ಯದ ದಿನ ಸಂಜೆ ದೊಡ್ಡ ದೊಡ್ಡವರೆಲ್ಲ ಬಂದಿದ್ದರು. ಅಧಿಕಾರಿ ಮಾವನನ್ನು ಪಕ್ಕಕ್ಕೆ ಕರೆದು, "ಗೌಡರೇ, ಇವತ್ತು ಒಂದೇ ಒಂದು ಕೊಸರು ಹಾಕಿದರೂ ನಾಳೆಯಿಂದ ಬರಬೇಡಿ" ಎಂದರು. ಮಾವನಿಗೆ ಆ ವಾರ ಗಂಟಲು ಬೇರೆ ಕಟ್ಟಿತ್ತು. ಹಿಂದಿನ ವಾರವೇ ಅರ್ಧ ಅಂಕ ಕೂಗಿ ಅರ್ಧ ಕೆಮ್ಮಿದ್ದ. ಆಗಲಿ ಎಂದು ತಲೆ ಅಲ್ಲಾಡಿಸಿ ಕೂತ.

ನೀವು ನಂಬಲಿಕ್ಕಿಲ್ಲ, ಒಂದು ಬೀಜವೂ ಹೆಚ್ಚು ಕಡಿಮೆಯಾಗಲಿಲ್ಲ. ಒಂದನ್ನು ಒಂದು ಎಂದ. ಇಲ್ಲದ್ದನ್ನು ಇಲ್ಲ ಎಂದ. ಹುಣಸೂರಿಗೆ ಹತ್ತು, ಕೃಷ್ಣರಾಜನಗರಕ್ಕೆ ಎಂಟು. ನಾವು ನ್ಯಾಯವಾಗಿ ಗೆದ್ದೆವು. ಸಭೆ ಸಪ್ಪಗಾಯಿತು. ತಪ್ಪು ಕೇಳಲೆಂದೇ ಬಂದ ಜನ ಅವರು! ಅಧಿಕಾರಿ ನೆಮ್ಮದಿಯಿಂದ ಬೆವರು ಒರೆಸಿಕೊಂಡು ಮುಕ್ತಾಯದ ಮಾತಿಗೆ ಎದ್ದರು. ಅಷ್ಟರಲ್ಲಿ ಮಾವ ಮೈಕನ್ನು ಎರಡೂ ಕೈಯಲ್ಲಿ ಕೊಳಗದ ಹಾಗೆ ಹಿಡಿದುಕೊಂಡ.

"ಇನ್ನೊಂದು ಐತೆ. ಕೃಷ್ಣರಾಜನಗರದಲ್ಲಿ ಕಿಟಕಿ ಮುಚ್ಕಂಡು ಕುಂತಿರೋರ ಉಪ್ಪುಸಾರಿಗೆ ಹತ್ತಕ್ಕೆ ಹತ್ತು. ಮೇಲೊಂದು ಕೊಸರು."

ಯಾರೋ ತಂತಿ ಕಿತ್ತರು. ಮೈಸೂರು ಸೀಮೆಗೆಲ್ಲ ಅದು ಆಗಲೇ ಕೇಳಿಸಿಯಾಗಿತ್ತು. "ಹೇಳಿದ್ದೆನಲ್ಲ ಗೌಡರೇ" ಎಂದರು ಅಧಿಕಾರಿ. "ಪಂದ್ಯದ ಲೆಕ್ಕ ಸರಿಯಾಗೈತೆ ಬುದ್ದಿ. ಇದು ನಂದು" ಎಂದು ಮಾವ ಬೀಜದ ಚೀಲ ಎತ್ತಿಕೊಂಡು ಹೊರಟ. ಕೆಲಸ ಹೋಯಿತು.

ಮಾರನೆಯ ಬೆಳಿಗ್ಗೆ ಬಸ್ಸಿನಲ್ಲಿ ಮಾವ, "ಕೇಳಿರ್ತಾಳೇನ್ಲಾ?" ಎಂದು ಬಿಳಿಕೆರೆಯಲ್ಲೊಮ್ಮೆ ಕೇಳಿದ, ಹುಣಸೂರಿನಲ್ಲೊಮ್ಮೆ ಕೇಳಿದ. ಕಿಟಕಿ ಸಂದಿಯಿಂದ ಖಂಡಿತ ಕೇಳಿರುತ್ತಾಳೆ ಎಂದೆ. ಊರು ಸೇರಿದಾಗ ಮನೆಯ ಸೂರಿನಿಂದ ಹೊಗೆ ಬರುತ್ತಿತ್ತು. ಒಲೆಯ ಮುಂದೆ ಅತ್ತೆ ಕೂತಿದ್ದಳು.

"ಯಾವಾಗ ಬಂದ್ಯತ್ತೆ?" ಎಂದೆ.

"ನಿನ್ನೆ ಮಧ್ಯಾನ್ನದ ಬಸ್ಸಿಗೆ. ಓದ್ವಾರ ರೇಡಿಯೋದಲ್ಲಿ ಗಂಟ್ಲು ಬಿದ್ದೋಗಿತ್ತಲ್ಲ ನಿಮ್ಮಾವಂದು. ಯಾರವ್ರೆ ಕಷಾಯ ಕಾಸಾಕೆ?"

ನಿನ್ನೆ ಮಧ್ಯಾಹ್ನ! ನಮ್ಮೂರಿನಲ್ಲಿ ರೇಡಿಯೊ ಎಲ್ಲಿಂದ ಬರಬೇಕು? ಮಾವ ರಾಜ್ಯಕ್ಕೆಲ್ಲ ಕೇಳುವಂತೆ ಕೂಗಿದ್ದನ್ನು ಕೇಳದೆ ಉಳಿದವಳು ಅತ್ತೆಯೊಬ್ಬಳೇ. ನಾನು ಬಾಯಿ ತೆರೆದೆ. ಮಾವ ಕಣ್ಣಿನಲ್ಲೇ ಬೇಡ ಎಂದ. ಅಷ್ಟು ದೊಡ್ಡ ಗಂಟಲಿನ ಮನುಷ್ಯ ಅಡುಗೆಮನೆಯ ಹೊಸಿಲಾಚೆಗೆ ಒಂದು ಮಾತು ಕೂಗಲಾರದೆ ಕೂತ. ಅತ್ತೆ ಮುದ್ದೆ ಇಟ್ಟು ಉಪ್ಪುಸಾರು ಬಿಟ್ಟಳು. ಅವನು ತಲೆ ಎತ್ತದೆ ಉಂಡ. "ಹತ್ತಕ್ಕೆ ಎಷ್ಟು?" ಎಂದು ಅವಳು ಕೇಳಿದಾಗ, "ಇನ್ನೊಂಚೂರು ಬುಡು" ಎಂದು ತಟ್ಟೆ ಮುಂದೆ ಚಾಚಿದ.

ಆದರೆ ಊರ ಬಾಯಿ ಸುಮ್ಮನಿರುತ್ತದೆಯೇ? ಹುಣಸೂರಿಗೆ ಹೋಗಿ ಬಂದವರೆಲ್ಲ ರೇಡಿಯೊ ಕೇಳಿದ್ದರು. ಸಂಜೆ ಅತ್ತೆ ಬಾವಿಯಿಂದ ಬಂದವಳು ಕೊಡ ಇಳಿಸದೆ ನನ್ನ ಮುಂದೆ ನಿಂತಳು.

"ನಿಮ್ಮಾವ ಏನೋ ಅಂದ್ರಂತಲ್ಲ ಮೈಕಿನಾಗೆ. ಇರೋದೇ ಹತ್ತು ಅಲ್ವೇನಪ್ಪ? ಅದ್ರ ಮೇಲೆ ಕೊಸರು ಎಲ್ಲಿಂದ ತತ್ತಾರೆ?"

ನಾನು ಲೆಕ್ಕ ಹೇಳಿಕೊಡುವ ಮೇಷ್ಟ್ರು. ನನಗೂ ಗೊತ್ತಿಲ್ಲ ಎಂದೆ.

"ಈ ಮನ್ಸಂಗೆ ಲೆಕ್ಕಾನೇ ಬರಾಕಿಲ್ಲ ಕಣಪ್ಪ" ಎಂದಳು ಅತ್ತೆ. ಹೇಳುತ್ತ ಹೇಳುತ್ತ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು, ಮಾವನ ಕಷಾಯ ಆರಿಹೋಗಿದೆ ಎಂದು ಒಳಗೆ ಹೋದಳು.