ಆಪರೇಟರ್ ಅಂದರೆ ಕೊಯ್ಯುವವನಲ್ಲ

ಒಂದು ಸಲ ಆದರೆ ತಪ್ಪು ತಿಳಿವಳಿಕೆ ಎಂದು ಬಿಡಬಹುದು. ಹೋದ ಊರಲ್ಲೆಲ್ಲ ಅದೇ ಆದರೆ ಸಿಟ್ಟು ಬರದೆ ಇರುತ್ತದೆಯೆ? ಎಪ್ಪತ್ತರ ದಶಕದಲ್ಲಿ ನಾನು ಹುಮನಾಬಾದಿನಲ್ಲಿದ್ದೆ. ಆರೋಗ್ಯ ಇಲಾಖೆಯ ವ್ಯಾನಿನಲ್ಲಿ ಪ್ರೊಜೆಕ್ಟರ್ ಹಾಕಿಕೊಂಡು ಹಳ್ಳಿ ಹಳ್ಳಿಗೆ ಹೋಗಿ ಸೊಳ್ಳೆ, ಸಿಡುಬು, ಕುಟುಂಬ ಯೋಜನೆ ಎಂದು ಸಿನೆಮಾ ತೋರಿಸುವುದು ನನ್ನ ಕೆಲಸ. ಸರಕಾರ ಆ ಹುದ್ದೆಗೆ ಇಟ್ಟ ಹೆಸರು ‘ಆಪರೇಟರ್’. ಗಂಡಸರನ್ನು ಹಿಡಿದು ಮಕ್ಕಳಾಗದಂತೆ ಆಪರೇಷನ್ ಮಾಡಿಬಿಡುತ್ತಾರಂತೆ ಎಂದು ಊರೂರೇ ಹೆದರಿದ್ದ ಕಾಲ ಅದು. ಆಪರೇಷನ್ ಮಾಡುವವನು ಆಪರೇಟರ್ ಅಲ್ಲದೆ ಮತ್ತ್ಯಾರು? ಜನ ಹಾಗೇ ತಿಳಿದುಕೊಂಡರು. ಈ ಒಂದು ಪದದಿಂದ ನನಗೆ ಬಂದಿದ್ದ ಎರಡು ಸಂಬಂಧ ಮುರಿದುಬಿದ್ದವು. ವಯಸ್ಸು ಮೂವತ್ತರ ಹತ್ತಿರ ಬಂದಿತ್ತು. ಕೇಳಿದವರೆಲ್ಲ ನಗುತ್ತಿದ್ದರು, ನನಗೆ ಮೈಯೆಲ್ಲ ಉರಿಯುತ್ತಿತ್ತು.

೧. ಊರು ಖಾಲಿ

ಘಾಟಬೋರಾಳದಲ್ಲಿ ನಮ್ಮ ಡ್ರೈವರ್ ಮೈಕಿನಲ್ಲಿ ಕೂಗಿದ: “ಊರಿನ ಗಂಡಸರು ಕೇಳ್ರಿ! ಆಪರೇಟರ್ ಸಾಹೇಬ್ರು ಮಶೀನ್ ತಗೊಂಡು ಬಂದಾರ! ಸಂಜೀಗಿ ಚಾವಡಿ ಮುಂದ ಬರ್ರಿ! ಒಬ್ಬರೂ ಉಳೀಬ್ಯಾಡ್ರಿ!”

ಅರ್ಧ ತಾಸಿನಲ್ಲಿ ಊರೊಳಗೆ ಮೀಸೆ ಇದ್ದವರು ಒಬ್ಬರೂ ಕಾಣಲಿಲ್ಲ. ಊರಾಚೆ ಜೋಳದ ಹೊಲದಲ್ಲಿ ಮಾತ್ರ ತೆನೆಗಳು ಗಾಳಿಯಿಲ್ಲದೆ ಅಲ್ಲಾಡುತ್ತಿದ್ದವು. ಸಂಜೆ ಪರದೆಯ ಮುಂದೆ ಹೆಂಗಸರು, ಮಕ್ಕಳು, ಮತ್ತೆ ಒಬ್ಬ ಹಣ್ಣು ಮುದುಕ, ಊರಿನ ಮುತ್ಯಾ.

“ಮುತ್ಯಾ, ಇಡೀ ಊರಾಗ ನೀವೊಬ್ಬರೇ ಧೈರ್ಯವಂತರು ನೋಡ್ರಿ” ಎಂದೆ.

“ಧೈರ್ಯ ಎಲ್ಲೀದಪ್ಪಾ, ಓಡಾಕ ಕಾಲಾಗ ಶಕ್ತಿ ಇಲ್ಲ” ಎಂದ ಮುತ್ಯಾ. “ನಿನ್ನ ಕೈಯಾಗ ಸಿಕ್ಕೀನಿ. ಮಾಡೂದಿದ್ರ ಲಗೂ ಮಾಡಿ ಬಿಡು, ಮನ್ಯಾಗ ರೊಟ್ಟಿ ಆರಾಕತ್ತಾವ.”

೨. ತಲೆಕೆಳಗಾದ ಡಾಕ್ಟರು

ಮಶೀನಿನ ವಿಷಯದಲ್ಲಿ ನನ್ನನ್ನು ಯಾರೂ ಬೆರಳು ಮಾಡಿ ತೋರಿಸುವಂತಿರಲಿಲ್ಲ. ತಪ್ಪಿದ್ದು ಒಂದೇ ಸಲ, ಹುಡಗಿ ಎಂಬ ಊರಿನಲ್ಲಿ. ಹಿಂದಿನ ದಿನದ ರೀಲನ್ನು ತಿರುಗಿ ಸುತ್ತುವ ಕೆಲಸ ಡ್ರೈವರನಿಗೆ ಬಿಟ್ಟಿದ್ದೆ. ಅವನು ಬಿಟ್ಟೇ ಬಿಟ್ಟಿದ್ದ. ನಾನೂ ನೋಡದೆ ಹಾಕಿದೆ, ಸಿನೆಮಾ ಕೊನೆಯಿಂದ ಶುರುವಾಯಿತು.

ಶಾಲೆಯ ಗೋಡೆಯ ಮೇಲೆ ಡಾಕ್ಟರು ತಲೆಕೆಳಗಾಗಿ, ಹಿಂದೆ ಹಿಂದೆ ನಡೆಯುತ್ತ ಬಂದರು. ಕೂಸಿನ ತೋಳಿನಿಂದ ಔಷಧ ಸೂಜಿಯೊಳಗೆ ವಾಪಸ್ ಹೋಯಿತು. ಅಳುತ್ತಿದ್ದ ಕೂಸು ಸುಮ್ಮನಾಗಿ ನಗತೊಡಗಿತು. ಜನ ಚಪ್ಪಾಳೆ ಹೊಡೆದರು. ಮುಂದೆ ಕೂತಿದ್ದ ಒಬ್ಬ ಮುದಿ ಆಯಿ, “ಇಂಥಾ ಸೂಜಿ ಇದ್ರ ನನಗೂ ಒಂದು ಚುಚ್ಚರಿ” ಎಂದು ತೋಳು ಚಾಚಿದಳು.

ನಾನು ಮಶೀನ್ ಆರಿಸಿದೆ. ಎಲ್ಲರೂ ನಕ್ಕು ಸುಮ್ಮನಾದರು. ಹೆಂಗಸರ ಕಡೆಯಿಂದ ಒಂದು ನಗು ಮಾತ್ರ ನಿಲ್ಲಲಿಲ್ಲ. ತಡೆದು ತಡೆದು, ಬಿಕ್ಕಳಿಕೆ ಬಂದಂತೆ ಮತ್ತೆ ಮತ್ತೆ ಶುರುವಾಗುತ್ತಿತ್ತು. ಕತ್ತಲಲ್ಲಿ ಯಾರೆಂದು ಕಾಣಲಿಲ್ಲ. ಸರಕಾರಿ ಕೆಲಸ ನೋಡಿ ಹಾಗೆ ನಗುವುದೆ? ಎಷ್ಟೋ ತಿಂಗಳು ಆ ನಗು ನೆನಪಾದರೆ ನನಗೆ ಊಟ ರುಚಿಸುತ್ತಿರಲಿಲ್ಲ.

“ಇದನ್ನ ಯಾರ ಮುಂದೂ ಹೇಳಬ್ಯಾಡ” ಎಂದು ಡ್ರೈವರನಿಂದ ಆಣೆ ಮಾಡಿಸಿಕೊಂಡೆ.

“ಹೇಳೂದು ಏನು ಉಳದದ್ರಿ?” ಎಂದ ಅವನು. “ಎಲ್ಲಾರೂ ನೋಡ್ಯಾರಲ್ಲ.”

೩. ಮೊಣಕಾಲು

ಮನ್ನಾಏಖೇಳ್ಳಿಯಲ್ಲಿ ಸಿನೆಮಾ ನಡೆದಾಗ ಪರದೆಯ ಮೇಲೆ ನರ್ಸಮ್ಮನ ಮುಖ ಇರಬೇಕಾದ ಜಾಗದಲ್ಲಿ ಒಂದು ಕರಿ ಗುಡ್ಡ ಎದ್ದಿತು. ನೋಡಿದರೆ, ಕಿರಾಣಿ ಅಂಗಡಿಯ ಸಾಹುಕಾರರು ಪ್ರೊಜೆಕ್ಟರಿನ ಮುಂದೆ ಕುರ್ಚಿ ಹಾಕಿಕೊಂಡು, ಧೋತರ ಮೇಲೆತ್ತಿ, ಮೊಣಕಾಲನ್ನು ಬೆಳಕಿಗೆ ಹಿಡಿದಿದ್ದಾರೆ.

“ಕಾಲು ತೆಗೀರಿ!” ಎಂದು ಕೂಗಿದೆ.

“ತಡೀರಿ ಸಾಹೇಬ್ರ. ಹೈದ್ರಾಬಾದಿನ ದವಾಖಾನ್ಯಾಗ ಹಿಂಗೇ ಬಿಜಲಿ ಶಾಖ ಕೊಡ್ತಾರ. ನೋವು ಎಷ್ಟು ಹಗೂರ ಆಗ್ಯಾದ ಅಂತೀರಿ!”

ಇದು ಬರೀ ಬೆಳಕು, ಔಷಧವಲ್ಲ ಎಂದು ಗಂಟಲು ಹರಿದುಕೊಂಡೆ. ನರ್ಸಮ್ಮ ಹೇಳುತ್ತಿದ್ದದ್ದೆಲ್ಲ ಹಾಳಾಗಿ ಹೋಯಿತು. ಸಾಹುಕಾರರು ಅಲುಗಾಡಲಿಲ್ಲ.

“ಸಿಟ್ಟಾಗಬ್ಯಾಡ್ರಿ. ಮೊದಲ ನಿಮ್ಮ ಸಿನೆಮಾ ಮುಗೀಲಿ” ಎಂದರು. “ಆಮ್ಯಾಲ ಸ್ವಲ್ಪ ಖಾಲಿ ಲೈಟ್ ಹಚ್ಚರಿ, ಎಡಗಾಲು ಉಳದದ.”

೪. ಪಂಖಾ

ಬೇಸಿಗೆಯ ಒಂದು ರಜೆಯ ದಿನ, ನಾನೂ ಎಲ್ಲರಂತೆ ಕೂತು ಸಿನೆಮಾ ನೋಡೋಣ ಎಂದು ಬಸವಕಲ್ಯಾಣದ ಟಾಕೀಸಿಗೆ ಮಧ್ಯಾಹ್ನದ ಆಟಕ್ಕೆ ಹೋದೆ. ನಡುವೆ ಗದ್ದಲ ಎದ್ದಿತು. ಒಬ್ಬ ಆಯಿ ಕುರ್ಚಿಯಲ್ಲೇ ವಾಲಿದ್ದಳು. ಮ್ಯಾನೇಜರನಿಗೆ ನನ್ನ ಪರಿಚಯವಿತ್ತು, ಓಡಿ ಬಂದ.

“ಆಪರೇಟರ್ ಸಾಹೇಬ್ರ, ಆಯಿಗಿ ಚಕ್ಕರ್ ಬಂದಾದ. ನೀವು ಆರೋಗ್ಯ ಖಾತೀವ್ರು, ನೋಡ್ರಿ!”

“ನಿನ್ನ ಟಾಕೀಸಿನಾಗೂ ಒಬ್ಬ ಆಪರೇಟರ್ ಅದಾನಲ್ಲೋ! ನಾನೂ ಅಂಥಾವನೇ!”

“ಅಂವ ಸಿನೆಮಾದಂವ. ನೀವು ಸರಕಾರದವ್ರು.”

ಬೇರೆ ದಾರಿ ಕಾಣದೆ ಸೋಡಾ ತರಿಸಿ ಆಯಿಯ ಮುಖಕ್ಕೆ ಎರಚಿದೆ. ಆಯಿ ಧಿಗ್ಗನೆ ಎದ್ದು ನನ್ನ ಕೊರಳಪಟ್ಟಿಗೆ ಕೈ ಹಾಕಿದಳು.

“ನಿದ್ದಿ ಕೆಡಿಸಿದ್ಯಲ್ಲೋ! ಸಿನೆಮಾ ಯಾರಿಗೆ ಬೇಕಾಗ್ಯಾದ? ನಾ ಟಿಕೀಟ್ ತಗೊಂಡಿದ್ದು ಪಂಖಾದ ಗಾಳಿಗಿ!”

೫. ಮೂರನೆಯ ಸಂಬಂಧ

ಕೊನೆಗೆ ನನ್ನ ಸೋದರಮಾವ ಮೂರನೆಯ ಸಂಬಂಧ ಹುಡುಕಿದ. ಇದೂ ತಪ್ಪಿದರೆ ಮುಂದೆ ಯಾರೂ ಹೆಣ್ಣು ಕೊಡುವುದಿಲ್ಲ ಎಂದು ಅವ್ವ ಅತ್ತಿದ್ದಳು. ನನಗೂ ಒಳಗೊಳಗೆ ಅದೇ ಭಯ. ಊರು ಯಾವುದು? ಅದೇ ಹುಡಗಿ. ಆಪರೇಟರ್ ಅನ್ನುವ ಶಬ್ದ ಬಾಯಿಂದ ಬರಕೂಡದು ಎಂದು ಮಾವ ಬಸ್ಸಿನಲ್ಲೇ ತಾಕೀತು ಮಾಡಿದ.

ಪಡಸಾಲೆಯಲ್ಲಿ ಹೆಣ್ಣಿನ ತಂದೆ, ಅವರ ಇಬ್ಬರು ತಮ್ಮಂದಿರು ಕೂತಿದ್ದರು.

“ಹುಡುಗ ಏನು ನೌಕರಿ ಮಾಡ್ತಾನ್ರಿ?” ಎಂದು ತಂದೆ ಕೇಳಿದರು.

“ಸಿನೆಮಾದಾಗ ಅದಾನ್ರಿ” ಎಂದ ಮಾವ.

ತಂದೆಯ ಮುಖ ಗಂಟಾಯಿತು. “ಸಿನೆಮಾ ಮಂದಿಗಿ ನಾವು ಹೆಣ್ಣು ಕೊಡಂಗಿಲ್ರಿ.”

ನನಗೆ ತಡೆಯಲಾಗಲಿಲ್ಲ. “ಸಿನೆಮಾ ಮಂದಿ ಅಲ್ರಿ ನಾನು! ಆರೋಗ್ಯ ಖಾತಿ ಆಪರೇಟರ್ ಅದೀನಿ!”

ಮಾವ ಹಣೆ ಬಡಿದುಕೊಂಡ. ತಮ್ಮಂದಿರಿಬ್ಬರೂ ಎತ್ತಿಗೆ ನೀರು ಕುಡಿಸಬೇಕು ಎನ್ನುತ್ತ ಹಿತ್ತಲ ಬಾಗಿಲಿನಿಂದ ಹೊರಟೇ ಹೋದರು. ಮನೆಯ ಹಿರಿಯರಾದ ತಪ್ಪಿಗೆ ತಂದೆ ಮಾತ್ರ ಧೋತರ ಬಿಗಿಹಿಡಿದು ಕೂತರು. ಇದೂ ಮುಗಿಯಿತು ಎಂದು ನಾನು ತಲೆ ತಗ್ಗಿಸಿದೆ. ನಿಜ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂದಿತ್ತು.

ಆಗ ಬಾಗಿಲ ಹಿಂದಿನಿಂದ ಹುಡುಗಿಯ ಧ್ವನಿ ಬಂತು: “ಅಪ್ಪಾ, ಅಂಜಬ್ಯಾಡ. ಇವರು ಕೊಯ್ಯಾವ್ರಲ್ಲ. ನಮ್ಮ ಸಾಲಿ ಗ್ವಾಡಿ ಮ್ಯಾಲ ಡಾಕ್ಟರನ್ನ ಉಲ್ಟಾ ನಡೆಸಿದ್ರಲ್ಲ, ಅವರು. ಮಶೀನಿನ ಬೆಳಕಿನಾಗ ಮಾರಿ ನೋಡೀನಿ.”

ತಂದೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಹೌದೇನ್ರಿ? ಆ ಉಲ್ಟಾ ಸಿನೆಮಾ ನಿಮ್ದೇನು?”

ಹೌದು ಎಂದರೆ ಮಾನ ಹೋಗುತ್ತದೆ, ಅಲ್ಲ ಎಂದರೆ ಹುಡುಗಿ ಹೋಗುತ್ತಾಳೆ. “ಹೌದ್ರಿ” ಎಂದೆ.

ತಂದೆ ಧೋತರ ಸಡಿಲ ಬಿಟ್ಟು ಹಿತ್ತಲ ಕಡೆ ಕೂಗಿದರು: “ಒಳಗ ಬರ್ರೋ! ರೀಲು ಸೀದಾ ಹಾಕಾಕ ಬರದವನ ಕೈಯಾಗ ಸರಕಾರ ಚಾಕು ಕೊಡ್ತದೇನು?”

ಬಾಗಿಲ ಹಿಂದೆ ಒಂದು ನಗು ಶುರುವಾಯಿತು. ತಡೆದು ತಡೆದು, ಬಿಕ್ಕಳಿಕೆ ಬಂದಂತೆ. ಅದೇ ನಗು! ಈಗಲೂ ನಾನು ಸಿಟ್ಟಿಗೆದ್ದರೆ ಸಾಕು, ಅಡುಗೆಮನೆಯಿಂದ ಅದು ಕೇಳಿಸುತ್ತದೆ. ಅದಕ್ಕೇ ದಿನಕ್ಕೆ ಒಂದು ಸಲವಾದರೂ ಸಿಟ್ಟಾಗುತ್ತೇನೆ.