ಮೇಸ್ತ್ರಿ ಹೇಳಿದ ಜಿಂಕ್

ಬಿಳಿ ಸೀರೆ ಉಟ್ಟವಳು ಏನು ಹೇಳಿದರೂ ಜನ ನಂಬುತ್ತಾರೆ. ತೊಂಬತ್ತರ ದಶಕದಲ್ಲಿ ಜಾವಳಿ ಕಡೆಯ ಕಾಫಿ ಎಸ್ಟೇಟೊಂದರ ಡಿಸ್ಪೆನ್ಸರಿಯಲ್ಲಿ ನಾನು ನರ್ಸ್ ಆಗಿದ್ದಾಗ, ಹಾಗೆ ನಂಬಿ ಫಜೀತಿ ಪಟ್ಟವರು ವಾರಕ್ಕೊಬ್ಬರಾದರೂ ಸಿಗುತ್ತಿದ್ದರು. ಒಂದೇ ಮಗುವಿನ ಮೂರು ಪ್ರಸಂಗ ಹೇಳುತ್ತೇನೆ. ನಗುವುದಾದರೆ ನನ್ನನ್ನು ನೋಡಿ ನಗಿ.

೧. ಬೋಳು ತಲೆ

ತೋಟದಲ್ಲಿ ಆಳುಗಳ ಕೆಲಸ ನೋಡಿಕೊಳ್ಳುತ್ತಿದ್ದ ಮೇಸ್ತ್ರಿಯವರ ಎಂಟು ತಿಂಗಳ ಮೊಮ್ಮಗಳಿಗೆ ಎದೆಹಾಲು ಬಿಡಿಸಿದ ಮೇಲೆ ಕೂದಲು ಉದುರತೊಡಗಿತು. ಸೊಸೆ ಎತ್ತಿಕೊಂಡು ಬಂದಳು. "ಬೋಳಿಸಿ ಕೊಬ್ಬರಿ ಎಣ್ಣೆ ಹಚ್ಚು, ದಟ್ಟವಾಗಿ ಬರುತ್ತೆ" ಎಂದೆ. ತಿಂಗಳಾದರೂ ಒಂದೆಳೆ ಬರಲಿಲ್ಲ. ನಾನು ದಾಖಲೆ ಪುಸ್ತಕದಿಂದ ತಲೆ ಎತ್ತದೆಯೇ, "ಇನ್ನೊಂದ್ಸಲ ಬೋಳಿಸು" ಎಂದೆ.

"ಬೋಳ್ಸಕ್ಕೆ ಏನಿದೆ ಸಿಸ್ಟರ್?" ಎಂದಳು.

೨. ನೇರಳೆ ಬಾಯಿ

ಆಮೇಲೆ ಮಗುವಿನ ಬಾಯಿಯ ಸುತ್ತ, ಕುಂಡೆಯ ಮೇಲೆ ಕೆಂಪಗೆ ಹುಣ್ಣೆದ್ದವು. ಭೇದಿ ಬೇರೆ. ನನ್ನ ಕಪಾಟಿನಲ್ಲಿ ಚರ್ಮಕ್ಕಿದ್ದ ಔಷಧ ಒಂದೇ, ನೇರಳೆ ಬಣ್ಣದ ನೀರು. ಎರಡೂ ಕಡೆ ಧಾರಾಳವಾಗಿ ಬಳಿದೆ. ಸೊಸೆ ಸಂಸೆಯ ತವರಿಗೆ ಹೋಗುವಾಗ ಬಸ್ಸಿನಲ್ಲಿ ಒಬ್ಬಳು ಅಜ್ಜಿ ಗದರಿದಳಂತೆ. "ಹಲ್ಲಿಲ್ಲದ ಕೂಸಿಗೆ ನೇರಳೆಹಣ್ಣು ತಿನ್ಸಿದ್ಯಲ್ಲೇ ಮಾರಾಯ್ತಿ."

ಇವಳು ಮಗುವಿನ ಬಟ್ಟೆ ಸರಿಸಿ ಹಿಂಬದಿ ತೋರಿಸಿದಳಂತೆ. "ಇಲ್ಲಿಗೂ ತಿನ್ಸಿದೀನಾ ಅಜ್ಜಿ?"

ಕೇಳಿ ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಮಗು ಮಾತ್ರ ಸೊರಗುತ್ತಲೇ ಇತ್ತು.

೩. ಮೇಸ್ತ್ರಿಯವರ ಕಣ್ಣು

ಕೊನೆಗೆ ಮೇಸ್ತ್ರಿಯವರೇ ಮೊಮ್ಮಗಳನ್ನು ಎತ್ತಿಕೊಂಡು ಬಂದರು. "ಸಿಸ್ಟರ್, ಕಾಫಿ ಗಿಡದ ಎಲೆ ಸಣ್ಣಾಗಿ ಚಿಗುರು ಕುಗ್ಗಿದ್ರೆ ಜಿಂಕ್ ಕಡಿಮೆ ಅಂತ ಸ್ಪ್ರೇ ಹೊಡೀತೀವಿ. ಈ ಕೂಸೂ ಹಂಗೇ ಕಾಣ್ತದೆ. ಮನುಷ್ಯರಿಗೂ ಜಿಂಕ್ ಬೇಕಾಗ್ತದಾ?"

"ಹಾಗಾದ್ರೆ ಕೂಸನ್ನ ಗಿಡದ ಸಾಲಲ್ಲೇ ಕೂರ್ಸಿ ಮೇಸ್ತ್ರಿಗಳೇ, ಒಟ್ಟಿಗೇ ಹೊಡೆದುಬಿಡಿ" ಎಂದೆ. ಔಷಧಿಗೆ ಕಾದಿದ್ದವರೆಲ್ಲ ನಕ್ಕರು. ಮೇಸ್ತ್ರಿ ತಲೆ ತಗ್ಗಿಸಿ ಹೋದರು.

ಎರಡು ತಿಂಗಳಾದ ಮೇಲೆ, ಅಳುವುದಕ್ಕೂ ತ್ರಾಣವಿಲ್ಲದ ಮಗುವನ್ನು ಮಂಗಳೂರಿಗೆ ಒಯ್ದರು. ಮಕ್ಕಳ ಡಾಕ್ಟರು ಚೀಟಿಯಲ್ಲಿ ಬರೆದದ್ದು ಜಿಂಕ್. ಎದೆಹಾಲು ನಿಂತ ಮೇಲೆ ಬೇರೆ ಆಹಾರದ ಜಿಂಕ್ ಈ ಕೂಸಿನ ಮೈಗೆ ಹತ್ತುತ್ತಿರಲಿಲ್ಲವಂತೆ. ವಾರದೊಳಗೆ ಹುಣ್ಣು ಒಣಗಿದವು, ಆಮೇಲೆ ಕೂದಲೂ ಬಂತು. ಆ ಎರಡು ತಿಂಗಳು ಮಗು ನರಳಿದ್ದು ನನ್ನ ನಗುವಿನಿಂದ.

ಮೊಮ್ಮಗಳ ಕೂದಲು ತೋರಿಸಲು ಮೇಸ್ತ್ರಿಯವರು ಬಂದಾಗ, "ಅವತ್ತು ನಿಮ್ಮ ಮಾತು ಕೇಳ್ಬೇಕಿತ್ತು, ತಪ್ಪಾಯ್ತು" ಎಂದೆ.

"ಇರ್ಲಿ ಬಿಡಿ ಸಿಸ್ಟರ್" ಎಂದರು ಮೇಸ್ತ್ರಿ. "ತೋಟದಲ್ಲಿ ಸೊರಗಿದ ಗಿಡ ಕಂಡ್ರೆ ನೀವೂ ಬಂದು ಹೇಳಿ. ನಾನು ನಗಲ್ಲ."